ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಲಕ್ಷ ಸುರಿಯುವ ಮೊದಲು

ಪ್ರಶ್ನೆ: ವಯಸ್ಸು 52. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಿದರೆ ಶಾಶ್ವತವಾಗಿ ಗುಣವಾಗುತ್ತದೆ ಎಂಬ ಜಾಹೀರಾತು ಕಣ್ಣಿಗೆ ಬಿತ್ತು. ಲಕ್ಷಗಟ್ಟಲೆ ಖರ್ಚಂತೆ. ಮಾಡಿಸಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಹಂತಕ್ಕೆ ಈ ಚಿಕಿತ್ಸೆ ಇನ್ನೂ ಬಂದಿಲ್ಲ.

ಉದ್ರೇಕವಾದಾಗ ನರದ ತುದಿಗಳಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಹೊರಬಿದ್ದು, ಶಿಶ್ನದೊಳಗಿನ ಸ್ನಾಯು ಸಡಿಲವಾಗಿ ರಕ್ತ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಸಕ್ಕರೆ ಏರಿಯೇ ಇದ್ದರೆ ನರ, ನಾಳ ಎರಡೂ ಕೆಡುತ್ತವೆ. ಚುಚ್ಚಿದ ಸ್ಟೆಮ್ ಸೆಲ್‌ಗಳು ಸ್ರವಿಸುವ ಅಂಶಗಳು ಇವುಗಳ ದುರಸ್ತಿಗೆ ನೆರವಾಗಬಹುದು ಎಂಬುದು ವಿಜ್ಞಾನಿಗಳ ನಿರೀಕ್ಷೆ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಫಲವೂ ಕಂಡಿದೆ.

ಮನುಷ್ಯರ ಕತೆ ಬೇರೆ. 2010ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಪ್ರಯೋಗದಲ್ಲಿ ಇದ್ದದ್ದು ಏಳೇ ಮಂದಿ. ಎಲ್ಲರೂ ಸಕ್ಕರೆ ಕಾಯಿಲೆಯವರು, ಶಿಶ್ನದ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಕಾದಿದ್ದವರು. ಹೊಕ್ಕುಳ ಬಳ್ಳಿಯ ರಕ್ತದಿಂದ ತೆಗೆದ ಒಂದೂವರೆ ಕೋಟಿ ಕೋಶಗಳನ್ನು ಅವರ ಶಿಶ್ನಕ್ಕೆ ಚುಚ್ಚಲಾಯಿತು. ಮೂರು ತಿಂಗಳೊಳಗೆ ಆರು ಮಂದಿಗೆ ಬೆಳಗಿನ ನಿಮಿರುವಿಕೆ ಮರಳಿತು. ಆದರೆ ಸಂಭೋಗಕ್ಕೆ ಬೇಕಾದ ಬಿಗಿ ಬರಲಿಲ್ಲ. ನಿಮಿರುವಿಕೆಯ ಮಾತ್ರೆಯನ್ನೂ ಸೇರಿಸಿದ ಮೇಲೆ ಇಬ್ಬರಿಗೆ ಸಾಧ್ಯವಾಯಿತು. ಜೋರ್ಡಾನ್‌ನಲ್ಲಿ ರೋಗಿಯದೇ ಅಸ್ಥಿಮಜ್ಜೆಯ ಕೋಶ ಬಳಸಿದ ಪ್ರಯೋಗದಲ್ಲಿದ್ದವರು ನಾಲ್ವರು. ಇಷ್ಟರ ಮೇಲೆ 'ಶಾಶ್ವತ ಗುಣ' ಎನ್ನಲಾಗದು.

ನಮ್ಮ ದೇಶದ 2017ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥ ನಿಗದಿತ ರೋಗಗಳಿಗೆ ಮಾಡುವ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗಗಳಿಗಷ್ಟೇ ಸೀಮಿತ. ಅಂಥ ಪ್ರಯೋಗ ಸಿಟಿಆರ್‌ಐ ಎಂಬ ವೈದ್ಯಕೀಯ ಪ್ರಯೋಗಗಳ ದಾಖಲಾತಿಯಲ್ಲಿ ಇರಬೇಕು, ಸೇರಿದವರಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ಜಾಹೀರಾತು ಕೊಟ್ಟವರ ಬಳಿ ಆ ನೋಂದಣಿ ಸಂಖ್ಯೆ ಕೇಳಿ ನೋಡಿ.

ಪ್ರಶ್ನೆ: ಅಂಗಡಿಯಿಂದ ಸಿಲ್ಡೆನಾಫಿಲ್ ಮಾತ್ರೆ ತಂದು ನುಂಗಿದ್ದಾಯಿತು, ಕೆಲಸ ಮಾಡಲಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಮೊದಲು ಮಾತ್ರೆಯ ವಿಷಯ. ಹೊಟ್ಟೆ ತುಂಬ ಉಂಡ ಮೇಲೆ ನುಂಗಿದರೆ ಅದರ ಪರಿಣಾಮ ತಡವಾಗುತ್ತದೆ. ಸಂಭೋಗಕ್ಕೆ ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು, ಉದ್ರೇಕವೂ ಬೇಕು. ಡೋಸ್ ಕಡಿಮೆಯಾದರೂ ಮಾತ್ರೆ ಕೆಲಸ ಮಾಡದಿರಬಹುದು. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಲ್ಡೆನಾಫಿಲ್ ಪಡೆದ ಸಕ್ಕರೆ ಕಾಯಿಲೆಯವರ ಪೈಕಿ ಶೇ 56 ಮಂದಿ ಸುಧಾರಣೆ ಕಂಡರು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಶೇ 10. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಮಾತ್ರ ಸಿಲ್ಡೆನಾಫಿಲ್ ಮುಟ್ಟಲೇಬಾರದು. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು.

ಮಾತ್ರೆ ಸೋತರೆ ವ್ಯಾಕ್ಯೂಮ್ ಪಂಪ್, ಶಿಶ್ನಕ್ಕೆ ಚುಚ್ಚಿಕೊಳ್ಳುವ ಔಷಧ, ಕೊನೆಗೆ ಇಂಪ್ಲಾಂಟ್ ಇವೆ. ಇಂಪ್ಲಾಂಟ್‌ಗೆ ಮುನ್ನ ಸಕ್ಕರೆ ಹತೋಟಿಗೆ ಬಂದಿರಬೇಕು, ಇಲ್ಲದಿದ್ದರೆ ಸೋಂಕಿನ ಅಪಾಯ.

ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು. ತೊಂದರೆ ಅಲ್ಲಿ ಮೊದಲು ಕಾಣಿಸಿ, ಹೃದಯಕ್ಕೆ ಆಮೇಲೆ ಬರುವುದುಂಟು. ಹಾಗಾಗಿ ಯೂರಾಲಜಿಸ್ಟ್ ಬಳಿ ಹೋಗುವಾಗ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಇಸಿಜಿ ಮತ್ತು ಬೆಳಗಿನ ಹೊತ್ತು ತೆಗೆದ ರಕ್ತದ ಟೆಸ್ಟೊಸ್ಟೆರಾನ್ ವರದಿ ಜೊತೆಗಿರಲಿ. ಬಿಪಿ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿಯನ್ನೂ ಒಯ್ಯಿರಿ. ಕೆಲವು ಬಿಪಿ ಮಾತ್ರೆಗಳಿಂದಲೂ ನಿಮಿರುವಿಕೆ ಕುಗ್ಗುತ್ತದೆ, ಅವನ್ನು ಬದಲಿಸಲು ಬರುತ್ತದೆ.