ಸೋರುವ ಕಿಟಕಿ: ಒದ್ದೆ ಕಂಡ ಜಾಗ, ನೀರು ನುಗ್ಗಿದ ಜಾಗ



*ಇಂದಿನ ಚಿಂತನೆ: ವರ್ಷಾವಾಸದ ದಿನಗಳಿಗಾಗಿ*

ಧಮ್ಮ ಬಂಧುಗಳೇ,

ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ನೆಲೆಸುವುದು ವರ್ಷಾವಾಸ. ಹಾಗೆ ನೆಲೆಸಲು ಸೂರು ಬೇಕು. ವಿನಯಪಿಟಕದ ಚುಲ್ಲವಗ್ಗದಲ್ಲಿ ವಸತಿಯ ಬಗ್ಗೆಯೇ ಒಂದು ಅಧ್ಯಾಯವಿದೆ. ಅದರಲ್ಲಿ ಕಿಟಕಿಯ ಮಾತೂ ಬರುತ್ತದೆ. ಕಿಟಕಿಯಿಲ್ಲದ ವಿಹಾರದಲ್ಲಿ ಕಣ್ಣಿಗೆ ತೊಂದರೆ, ಕೆಟ್ಟ ವಾಸನೆ ಎಂದಾಗ ಬುದ್ಧರು ಮೂರು ಬಗೆಯ ಕಿಟಕಿಗಳಿಗೆ ಒಪ್ಪಿಗೆ ಕೊಟ್ಟರು: ಕಟಕಟೆಯಂಥದ್ದು, ಜಾಲರಿಯದ್ದು, ಸರಳಿನದ್ದು. ಸಂದಿಯಲ್ಲಿ ಅಳಿಲು, ಬಾವಲಿ ನುಗ್ಗಿದವು. ಬಟ್ಟೆಯ ಪರದೆಗೆ ಒಪ್ಪಿಗೆ ಸಿಕ್ಕಿತು. ಪರದೆಯ ಸಂದಿಯಲ್ಲೂ ನುಗ್ಗಿದವು. ಆಗ ಕದಕ್ಕೆ ಒಪ್ಪಿಗೆ ಸಿಕ್ಕಿತು.

ಗಮನಿಸಿ, ಇಲ್ಲಿ ಹೋಮವಿಲ್ಲ, ಮಂತ್ರವಿಲ್ಲ, ಹಣೆಬರಹದ ಮಾತಿಲ್ಲ. ತೊಂದರೆ ಎಲ್ಲಿಂದ ಬರುತ್ತಿದೆ ಎಂದು ನೋಡುವುದು, ಉಪಾಯ ಮಾಡುವುದು, ಅದು ಸಾಲದಿದ್ದರೆ ಮತ್ತೆ ನೋಡುವುದು. ಇಷ್ಟೇ.

ಈಗ ನಮ್ಮ ಮನೆಗಳಿಗೆ ಬರೋಣ. ಈ ಮಳೆಯಲ್ಲಿ ಕಿಟಕಿಯ ಕೆಳಗಿನ ಗೋಡೆ ಒದ್ದೆಯಾಗಿ ಬೂಷ್ಟು ಹಿಡಿದ ಮನೆಗಳು ಎಷ್ಟೋ. ಅದೇ ಗೋಡೆಗೆ ಮಕ್ಕಳ ಹಾಸಿಗೆ ತಾಗಿರುತ್ತದೆ. ಅದೇ ಕಿಟಕಿಯ ಕೆಳಗಿನ ಟ್ರಂಕಿನಲ್ಲಿ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಮನೆಯ ಪತ್ರ ಇರುತ್ತವೆ. ಬೂಷ್ಟು ಕೆಮ್ಮು, ಉಬ್ಬಸವನ್ನು ಹೆಚ್ಚಿಸುತ್ತದೆ. ಒದ್ದೆಯಾದ ಕಾಗದಕ್ಕಾಗಿ ಕಚೇರಿ ಅಲೆಯುವ ಕಷ್ಟ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಹೀಗಿದ್ದೂ ಕೆಲವರು "ಈ ಮನೆಯ ವಾಸ್ತು ಸರಿಯಿಲ್ಲ" ಎಂದು ದುಡ್ಡು ಸುರಿಯುತ್ತಾರೆ. ಸುರಿಯಬೇಕಾದದ್ದು ಒಂದು ಬಕೆಟ್ ನೀರು. ಹೇಗೆಂದು ನೋಡೋಣ.

*1. ಕಾರಣ ಹುಡುಕುವುದು*

ಒದ್ದೆ ಕಂಡ ಜಾಗವೇ ನೀರು ನುಗ್ಗಿದ ಜಾಗ ಎಂದು ತಿಳಿಯಬೇಡಿ. ಸಜ್ಜಾ ಗೋಡೆಗೆ ಸೇರುವಲ್ಲಿ ಬಿರುಕಿದ್ದರೆ ನೀರು ಒಳಗೊಳಗೇ ಇಳಿದು ಕಿಟಕಿಯ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಮಳೆಯಿಲ್ಲದ ದಿನ, ಗೋಡೆ ಒಣಗಿದಾಗ ಪರೀಕ್ಷಿಸಿ. ಒಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಬೇಕು. ಮೊದಲು ಕಿಟಕಿಯ ಕೆಳಗಿನ ಕಟ್ಟೆ, ಆಮೇಲೆ ಎರಡು ಪಕ್ಕ, ಕೊನೆಗೆ ಮೇಲಿನ ಅಂಚು ಮತ್ತು ಸಜ್ಜಾ. ಒಂದೊಂದು ಕಡೆ ಐದು ಹತ್ತು ನಿಮಿಷ ಕಾಯಿರಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಯಾವುದೂ ತಿಳಿಯುವುದಿಲ್ಲ.

ಕಣ್ಣಿಡಬೇಕಾದ ಜಾಗಗಳು ಇವು. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿ. ಗಾಜಿನ ಸುತ್ತ ಕುಗ್ಗಿದ ರಬ್ಬರ್. ಸ್ಕ್ರೂ ಹೊಡೆದ ತೂತು. ಒಳಮುಖವಾಗಿ ಇಳಿಜಾರಾದ ಕಟ್ಟೆ. ಸಜ್ಜಾದ ಅಡಿಯ ಅಂಚಿನಲ್ಲಿ ಉದ್ದಕ್ಕೆ ಕೊರೆದ ಗೀರು ಇರಬೇಕು. ಅದಿಲ್ಲದಿದ್ದರೆ ನೀರು ಕೆಳಗೆ ಬೀಳದೆ ಅಡಿಮೈಗೆ ಅಂಟಿಕೊಂಡೇ ಗೋಡೆಯವರೆಗೆ ಹರಿದು ಬರುತ್ತದೆ.

*2. ಹಳೆಯದನ್ನು ತೆಗೆಯುವುದು*

ಹಳೆಯ ಸಿಲಿಕಾನ್ ಮೇಲೆ ಹೊಸದನ್ನು ಬಳಿದರೆ ಅದು ಸರಿಯಾಗಿ ಅಂಟುವುದಿಲ್ಲ. ನೋಡಲು ಚೆಂದ, ಮುಂದಿನ ಮಳೆಗೆ ಮತ್ತೆ ಸೋರಿಕೆ. ಬ್ಲೇಡಿನಿಂದ ಪೂರ್ತಿ ಕೆರೆದು, ಧೂಳು ಒರೆಸಿ, ಚೆನ್ನಾಗಿ ಒಣಗಿಸಬೇಕು. ಸಂದಿ ಅಗಲವಾಗಿದ್ದರೆ ಮೊದಲು ಹಗ್ಗದಂಥ ಫೋಮ್ ತುರುಕಿ ಅದರ ಮೇಲೆ ಸಿಲಿಕಾನ್ ಎಳೆಯಬೇಕು. ವಿನಿಗರ್ ವಾಸನೆಯ ಸಿಲಿಕಾನ್ ಸಿಮೆಂಟಿಗೆ ಹೊಂದುವುದಿಲ್ಲ, ಲೋಹವನ್ನೂ ತಿನ್ನಬಹುದು. ಅಂಗಡಿಯಲ್ಲಿ "ನ್ಯೂಟ್ರಲ್" ಎಂದು ಕೇಳಿ ಪಡೆಯಿರಿ. ಹಚ್ಚಿದ ಮೇಲೆ ಒಂದು ದಿನವಾದರೂ ನೀರು ತಾಗಿಸಬೇಡಿ. ಮಹಡಿಯ ಕಿಟಕಿಯಾದರೆ ಹೊರಗೆ ಬಾಗಿ ಕೆಲಸ ಮಾಡಬೇಡಿ. ಬಲ್ಲ ಕೆಲಸಗಾರರನ್ನು ಕರೆಸಿ, ಅವರ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ.

ಪ್ರವಾಸದ ಟಿಟಿ, ಮನೆಯಂತೆ ಸಜ್ಜುಗೊಳಿಸಿದ ಕ್ಯಾರವಾನ್ ಇವುಗಳಲ್ಲೂ ಸೂತ್ರ ಇದೇ. ಸ್ಕ್ರೂನಿಂದ ಕೂರಿಸಿದ ಕಿಟಕಿಯಾದರೆ ಹೊರಗಿನಿಂದ ಬಳಿದು ಪ್ರಯೋಜನ ಕಡಿಮೆ. ಕಿಟಕಿಯನ್ನೇ ಬಿಚ್ಚಿ, ಹಳೆಯ ಅಂಟು ತೆಗೆದು, ಚೌಕಟ್ಟಿನ ಹಿಂದೆ ಬ್ಯುಟೈಲ್ ಟೇಪ್ ಸುತ್ತಿ ಮತ್ತೆ ಕೂರಿಸುತ್ತಾರೆ. ಓಡುವ ಗಾಡಿ ಅಲುಗುತ್ತಲೇ ಇರುತ್ತದೆ. ಗಟ್ಟಿಯಾಗದೆ ಮೆತ್ತಗೇ ಉಳಿಯುವ ಈ ಟೇಪ್ ಆ ಅಲುಗಾಟವನ್ನು ತಾಳಿಕೊಳ್ಳುತ್ತದೆ.

*3. ಹೊರದಾರಿಯನ್ನು ಮುಚ್ಚದಿರುವುದು*

ಬಹಳ ಜನ ಎಡವುವುದು ಇಲ್ಲಿ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿಯಲ್ಲಿ, ಹೊರಮುಖಕ್ಕೆ ಸಣ್ಣ ತೂತುಗಳಿರುತ್ತವೆ. ಹಳಿಗೆ ನೀರು ಬಂದೇ ಬರುತ್ತದೆ ಎಂದು ತಿಳಿದೇ ಅದನ್ನು ಹೊರಹಾಕಲು ಇಟ್ಟ ತೂತುಗಳವು. ಸೋರಿಕೆಯ ಸಿಟ್ಟಿನಲ್ಲಿ ಅವಕ್ಕೂ ಸಿಲಿಕಾನ್ ತುಂಬಿದರೆ ಹಳಿ ತೊಟ್ಟಿಯಾಗಿ ನೀರು ಒಳಕ್ಕೇ ಉಕ್ಕುತ್ತದೆ. ಎಷ್ಟೋ ಸಲ ಧೂಳು ಕೂತು ಆ ತೂತು ಕಟ್ಟಿಕೊಂಡಿರುವುದೇ ಸೋರಿಕೆಗೆ ಕಾರಣ. ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಸಣ್ಣ ತಂತಿ ಸಾಕು. ಖರ್ಚೇ ಇಲ್ಲ.

*ಚಿಂತನೆ*

ಧಮ್ಮಪದದ ಯಮಕ ವಗ್ಗದಲ್ಲಿ ಸರಿಯಾಗಿ ಹೊದಿಸದ ಮನೆಯ ಉಪಮೆ ಬರುತ್ತದೆ. ಸೋರುವ ಸೂರಿಗೂ ಅಭ್ಯಾಸವಿಲ್ಲದ ಚಿತ್ತಕ್ಕೂ ಅಲ್ಲಿ ಹೋಲಿಕೆ. ಮೇಲಿನ ಮೂರು ಮಾತನ್ನು ಚಿತ್ತಕ್ಕೆ ಹಚ್ಚಿ ನೋಡಿ.

ಸಂಜೆ ಮಗುವಿನ ಮೇಲೆ ಸಿಡಿದ ಸಿಟ್ಟು ಕಂಡದ್ದು ಮನೆಯಲ್ಲಿ. ಅದು ನುಗ್ಗಿದ್ದು ಬೆಳಿಗ್ಗೆ ಕೆಲಸದ ಜಾಗದಲ್ಲಿ ನುಂಗಿದ ಅವಮಾನದಿಂದ ಇರಬಹುದು. ಮಗುವನ್ನು ತಿದ್ದಿದರೆ ಆ ಬಿರುಕು ಮುಚ್ಚುವುದಿಲ್ಲ. ಹಳೆಯ ನೋವಿನ ಮೇಲೆ ನಗು ಬಳಿದುಕೊಂಡರೂ ಅದು ಹಿಡಿಯುವುದಿಲ್ಲ. ನೋವನ್ನು ಮೊದಲು ಇದ್ದ ಹಾಗೆ ನೋಡಬೇಕು. ಇನ್ನು ಚಿತ್ತವನ್ನು ಕಾಯುವುದೆಂದರೆ ಎಲ್ಲವನ್ನೂ ಅದುಮಿ ಮುಚ್ಚುವುದಲ್ಲ. ಅಕ್ಕನ ಹತ್ತಿರ, ಗೆಳೆಯನ ಹತ್ತಿರ, ಸಂಘದಲ್ಲಿ ನಾಲ್ಕು ಮಾತು ಆಡಿ ಹಗುರಾಗುವ ದಾರಿ ತೆರೆದಿರಲಿ. ಆ ತೂತು ಕಟ್ಟಿಕೊಂಡರೆ ನೀರು ಉಕ್ಕುವುದು ನಮ್ಮವರ ಮೇಲೇ.

*ಇಂದಿನ ಅಭ್ಯಾಸ*

• ಕಿಟಕಿಯ ಕೆಳಗಿರುವ ಕಾಗದಪತ್ರಗಳನ್ನು ಇವತ್ತೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬೇರೆ ಕಡೆ ಇಡಿ.

• ಕಿಟಕಿಯ ಹಳಿ ಮತ್ತು ತೂತುಗಳನ್ನು ಮಕ್ಕಳ ಜೊತೆ ಸೇರಿ ಶುಚಿ ಮಾಡಿ. ತೂತು ಏಕಿದೆ ಎಂದು ಅವರನ್ನೇ ಕೇಳಿ.

• ಇಂದು ಬಂದ ಒಂದು ಸಿಟ್ಟು ಎಲ್ಲಿ ಕಂಡಿತು, ಎಲ್ಲಿಂದ ನುಗ್ಗಿತು ಎಂದು ಮಲಗುವ ಮುನ್ನ ಐದು ನಿಮಿಷ ನೋಡಿ.

ಒಂಟಿಯಾಗಿರುವ ಹಿರಿಯರ ಮನೆಯ ಕಿಟಕಿಯನ್ನೂ ಈ ಭಾನುವಾರ ಒಮ್ಮೆ ನೋಡಿಬನ್ನಿ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್. 🙏