ಹಾಡಿಗೂ ಒಂದು ಹೆಸರು

ಔರಾದ ಕಡೆ ಹೊಲದಾಗ ಕಳೆ ತೆಗೆಯುವಾಗ ಹಾಡು. ಭಾಲ್ಕಿ ಕಡೆ ಮದುವೆ ಮನ್ಯಾಗ ಹಾಡು. ನಾವು ಹಾಡು ಕಲಿತದ್ದು ಕಿವಿಯಿಂದ. ಅವ್ವ ಹಾಡಿದಳು, ನಾವು ಕೇಳಿದೆವು. ಕಟ್ಟಿದವರು ಯಾರು? ಅದು ಗೊತ್ತಿಲ್ಲ. ಹೆಸರು ಎಲ್ಲಿಯೂ ಬರೆದಿರಲಿಲ್ಲ.

ಹೆಸರು ಉಳಿದ ಒಂದು ಹಾಡಿನ ಕಥೆ ಈಗ ಓದೋಣ.

ಶಿವಮೊಗ್ಗ ಜಿಲ್ಲೆಯಲ್ಲಿ ನಗರ ಎಂಬ ಊರಿದೆ. 1938ರಲ್ಲಿ ಸುಬ್ಬಣ್ಣ ಅಲ್ಲಿ ಹುಟ್ಟಿದರು. ಕಾನೂನು ಓದಿ ವಕೀಲರಾದರು. ಹಾಡುವುದನ್ನೂ ಬಿಡಲಿಲ್ಲ.

ಚಂದ್ರಶೇಖರ ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಅವರು 'ಕಾಡು ಕುದುರೆ' ಸಿನಿಮಾ ಮಾಡಿದರು. ಅದರ ಹಾಡು ಬರೆದವರು ಅವರೇ. ರಾಗ ಕೂಡಿಸಿದವರೂ ಅವರೇ. ಹಾಡಿದವರು ಶಿವಮೊಗ್ಗ ಸುಬ್ಬಣ್ಣ. ಆ ಒಂದು ಹಾಡು ನಾಡೆಲ್ಲ ಓಡಾಡಿತು. 1978ರ ಸಾಲಿನ ರಾಷ್ಟ್ರ ಪ್ರಶಸ್ತಿ ಸುಬ್ಬಣ್ಣನವರಿಗೆ ಬಂತು. ಸಿನಿಮಾ ಹಾಡಿಗೆ ಈ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು.

ಮುಂದೆ ಸಿನಿಮಾದಾಗ ಅವರು ಹೆಚ್ಚು ಹಾಡಲಿಲ್ಲ. ಹಾಗಂತ ಸುಮ್ಮನೆ ಕೂಡಲಿಲ್ಲ. ಕುವೆಂಪು, ಬೇಂದ್ರೆ ಮುಂತಾದವರ ಕವಿತೆ ಹಾಡಿದರು. ಓದಲು ಬಾರದವರಿಗೂ ಪುಸ್ತಕದ ಕವಿತೆ ಮುಟ್ಟಿತು. 2022ರಲ್ಲಿ ಅವರು ತೀರಿಕೊಂಡರು. ಸುಬ್ಬಣ್ಣ ಎಂದರೆ ಜನರಿಗೆ ಇಂದಿಗೂ ಮೊದಲು ನೆನಪಾಗುವುದು ಆ ಕುದುರೆಯ ಹಾಡೇ.

ಅಕ್ಕಂದಿರೇ, ಹಾಡು ಬರೆದವರ ಹೆಸರೂ ಉಳಿಯಿತು. ಹಾಡಿದವರ ಹೆಸರೂ ಉಳಿಯಿತು. ಯಾಕೆ? ಹೆಸರು ಬರಹದಲ್ಲಿ ಇತ್ತು. ನಮ್ಮ ಬೀದರ ಜಿಲ್ಲೆಯ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ನೆನೆಯಿರಿ. 'ಚೆನ್ನಮಲ್ಲಿಕಾರ್ಜುನ' ಎಂಬ ಅಂಕಿತ ಕಂಡರೆ ಅದು ಅಕ್ಕನ ವಚನ ಎಂದು ನಾವು ಗುರುತಿಸುತ್ತೇವೆ.

ಈಗ ಎಲ್ಲರ ಕೈಯಾಗೂ ಮೊಬೈಲ್ ಇದೆ. ಯಾರೋ ಬಂದು ನಮ್ಮ ಹಾಡು ತುಂಬಿಕೊಂಡು ಹೋಗುತ್ತಾರೆ. ಹಾಡು ಊರೂರು ಸುತ್ತುತ್ತದೆ. ಹಾಡಿದವಳ ಹೆಸರು ಮನ್ಯಾಗೇ ಉಳಿಯುತ್ತದೆ.

ಹಿಂದಿನಿಂದ ಬಂದ ಹಾಡು ಎಲ್ಲರದು. ಆದರೆ ನೀವೇ ಹೊಸದಾಗಿ ಕಟ್ಟಿದ ಹಾಡು ನಿಮ್ಮದು. ಹೊಲ, ಮನೆ ಇದ್ದಂತೆ ಅದೂ ಆಸ್ತಿ. 1957ರ ಕಾಯ್ದೆ ಹೀಗೆ ಹೇಳುತ್ತದೆ: ಕಟ್ಟಿದವರು ಬದುಕಿರುವವರೆಗೆ ಹಕ್ಕು ಅವರದು. ಅವರ ನಂತರವೂ 60 ವರ್ಷ ಹಕ್ಕು ಇರುತ್ತದೆ. ಆ ಹಕ್ಕು ಬೇರೆಯವರಿಗೆ ಕೊಡಬೇಕಾದರೆ ಕಾಗದ ಬೇಕು, ಸಹಿ ಬೇಕು.

ಅದಕ್ಕೇ ಯಾರಾದರೂ ಕಾಗದ ತಂದರೆ ಮೊದಲು ಓದೋಣ. ತಿಳಿಯದಿದ್ದರೆ ಕೇಳೋಣ. ಆಮೇಲೆ ಸಹಿ. ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತು.

ಹೊಸ ಪದಗಳು
ಅಂಕಿತ – ವಚನದಲ್ಲಿ ಬರುವ ಗುರುತಿನ ಹೆಸರು
ಹಕ್ಕು – ನಮಗೆ ಸಲ್ಲಬೇಕಾದದ್ದು
ಕಾಯ್ದೆ – ಸರಕಾರದ ಕಾನೂನು

ಉತ್ತರ ಹೇಳಿ
1. 'ಕಾಡು ಕುದುರೆ'ಯ ಹಾಡು ಬರೆದವರು ಯಾರು? ಹಾಡಿದವರು ಯಾರು?
2. ಹಾಡು ಕಟ್ಟಿದವರ ನಂತರ ಎಷ್ಟು ವರ್ಷ ಹಕ್ಕು ಇರುತ್ತದೆ?
3. ಸಹಿ ಹಾಕುವ ಮೊದಲು ಏನು ಮಾಡಬೇಕು?

ಮಾಡಿ ನೋಡಿ
ನಿಮಗೆ ಬರುವ ಒಂದು ಹಾಡು ಬರೆಯಿರಿ. ಅದನ್ನು ಯಾರಿಂದ ಕಲಿತಿರಿ? ಕೆಳಗೆ ಅವರ ಹೆಸರು ಬರೆಯಿರಿ. ನೀವೇ ಕಟ್ಟಿದ್ದಾದರೆ ನಿಮ್ಮ ಹೆಸರು ಬರೆಯಿರಿ.