ಸೊಂಟ ಉಳಿಸಿಕೊಂಡು ಭಾರ ಎತ್ತುವುದು ಹೇಗೆ?



ಸಂಘದ ಸಭೆಗೆ ಒಬ್ಬ ಸದಸ್ಯೆ ಬಂದಿಲ್ಲ ಅಂದರೆ ಯಾಕೆ ಅಂತ ಕೇಳಿ ನೋಡಿ. "ಸೊಂಟ ಹಿಡ್ಕೊಂಡೈತಂತೆ ಕಣಕ್ಕ, ಮಲಗವ್ಳೆ" ಅನ್ನೋ ಉತ್ತರ ಎಷ್ಟು ಸಲ ಬರುತ್ತೆ! ಮಲಗಿದ ದಿನ ಕೂಲಿ ಇಲ್ಲ. ಕೂಲಿ ಇಲ್ಲದ ವಾರ ಉಳಿತಾಯವಿಲ್ಲ, ಸಾಲದ ಕಂತೂ ನಿಲ್ಲುತ್ತೆ. ಆದರೂ ಸೊಂಟನೋವನ್ನು ನಾವು ಹೆಂಗಸರ ಹಣೆಬರಹ ಅಂದುಕೊಂಡು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದಕ್ಕೆ ಕಾರಣ ಹಣೆಬರಹವಲ್ಲ, ನಾವು ಭಾರ ಎತ್ತುವ ರೀತಿ.

ಮೊದಲು ಒಂದು ಪರೀಕ್ಷೆ ಮಾಡೋಣ. ಅರ್ಧ ಕೊಡ ನೀರನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಲ್ಲಿ. ಆಮೇಲೆ ಅದೇ ಕೊಡವನ್ನು ನಿಧಾನವಾಗಿ ಮುಂದಕ್ಕೆ ಚಾಚಿ. ನೀರು ಒಂದು ತೊಟ್ಟೂ ಹೆಚ್ಚಲಿಲ್ಲ, ಆದರೂ ಸೊಂಟ ಹೇಗೆ ಎಳೆಯಿತು ನೋಡಿ! ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇದ್ದುಕೊಂಡು ನಮ್ಮನ್ನು ಹಿಡಿದು ನಿಲ್ಲಿಸುತ್ತವೆ. 15 ಕಿಲೋ ಭಾರ ಮೂಳೆಯಿಂದ 50 ಸೆಂಟಿಮೀಟರ್ ಮುಂದಿದ್ದರೆ ಅದು ಹತ್ತು ಪಾಲಾಯಿತು. ಸ್ನಾಯುಗಳು 150 ಕಿಲೋ ಭಾರದಷ್ಟು ಬಲ ಹಾಕಿ ಎಳೆಯಬೇಕು. ಮೈಗೆ ತಾಗಿಸಿ 25 ಸೆಂಟಿಮೀಟರಿಗೆ ತಂದರೆ ಅದರ ಅರ್ಧ ಸಾಕು. ಬಗ್ಗಿದಾಗ ನಮ್ಮ ಮೈ ಭಾರವೂ ಇದರ ಮೇಲೆ ಸೇರುತ್ತೆ. ಆದ್ದರಿಂದ ಮಂಕರಿಯನ್ನು ಎರಡು ಕಾಲಿನ ನಡುವೆ ಎಳೆದುಕೊಂಡು, ಮಂಡಿ ಮಡಿಸಿ, ಮೈಗೆ ಒತ್ತಿಕೊಂಡು ಏಳಬೇಕು. ಎತ್ತಿದ ಮೇಲೆ ಪಕ್ಕಕ್ಕೆ ಇಡಬೇಕಾದರೆ ಸೊಂಟ ತಿರುಚಬೇಡಿ, ಪಾದವನ್ನೇ ಆ ಕಡೆ ತಿರುಗಿಸಿ.

ನೆಲದಿಂದ ಎತ್ತುವುದೇ ಅತಿ ಕಷ್ಟ. ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಳೇ ದಾರಿಗಳ ಪಕ್ಕ ಎರಡು ಕಲ್ಲು ನೆಟ್ಟು, ಮೇಲೊಂದು ಅಡ್ಡಗಲ್ಲು ಇಟ್ಟ ಹೊರೆಗಲ್ಲುಗಳನ್ನು ನೋಡಿರಬಹುದು. ಹೊರೆ ಹೊತ್ತವರು ಬಗ್ಗದೆ ಅದರ ಮೇಲೆ ಇಳಿಸಿ, ಸುಧಾರಿಸಿಕೊಂಡು, ಯಾರ ಸಹಾಯವೂ ಇಲ್ಲದೆ ಮತ್ತೆ ತಲೆಗೇರಿಸಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅಕ್ಕಿ ಚೀಲವೂ ನೆಲದ ಮೇಲೆ, ತುಂಬಿದ ಬಿಂದಿಗೆಯೂ ನೆಲದ ಮೇಲೆ! ಸೊಂಟದೆತ್ತರಕ್ಕೆ ಒಂದು ಕಲ್ಲಿನ ಹಾಸು ಹಾಕಿಸಿದರೆ ದಿನಕ್ಕೆ ಎಷ್ಟು ಸಲ ಬಗ್ಗುವುದು ತಪ್ಪುತ್ತೆ, ಲೆಕ್ಕ ಹಾಕಿ.

ಇನ್ನು ತೂಕದ ಮಾತು. ಹಾಸನದ ಮಾರುಕಟ್ಟೆಗೆ ಪಂಜಾಬಿನಿಂದ ಬರುವ ಬಿತ್ತನೆ ಆಲೂಗೆಡ್ಡೆ ಚೀಲ 50 ಕಿಲೋ. ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ (ಅದು ಗೊಬ್ಬರದ ಬಳಕೆ ತಗ್ಗಲಿ ಅಂತ, ನಮ್ಮ ಸೊಂಟದ ಮೇಲಿನ ಕನಿಕರದಿಂದಲ್ಲ). ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ನಿಯೋಶ್ 1991ರಲ್ಲಿ ಹೇಳಿದ್ದು, ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತುವುದು 23 ಕಿಲೋ ದಾಟಬಾರದು ಅಂತ. ಹಾಗಾದರೆ 50 ಕಿಲೋ ಚೀಲ ಒಬ್ಬ ಹೆಂಗಸು ಎತ್ತುವಂಥದ್ದೇ ಅಲ್ಲ, ಇಬ್ಬರಿಗೂ ಹೆಚ್ಚೇ. ಚೀಲವನ್ನು ಗಾಡಿಯಲ್ಲೇ ಬಿಚ್ಚಿ ಪುಟ್ಟಿಗೆ ಸುರಿದುಕೊಳ್ಳಿ. "ಅಯ್ಯೋ, ಹೊತ್ತು ಹೋಗ್ತದೆ" ಅಂತ ಮಾಲೀಕರು ಗೊಣಗಿದರೆ ಗೊಣಗಲಿ.

ಚನ್ನರಾಯಪಟ್ಟಣದ ಕಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟಕ್ಕೆ ಏರಿಸಬೇಕು. ಕಂಕುಳಲ್ಲಿ ಮಂಕರಿ, ಒಂದೇ ಕೈಯಲ್ಲಿ ಏಣಿ ಹಿಡಿದು ಹತ್ತುವುದು ಬೇಡ. ಒಂದು ರಾಟೆ, ಒಂದು ಹಗ್ಗ ಇದ್ದರೆ ಕೆಳಗಿನಿಂದಲೇ ಎಳೆಯಬಹುದು. ಅರಕಲಗೂಡಿನ ಹೊಗೆಸೊಪ್ಪಿನ ಹೊರೆಗೂ ಹೊಳೆನರಸೀಪುರದ ಭತ್ತದ ಸಸಿ ಕಟ್ಟಿಗೂ ಒಂದೇ ಮಾತು: ಚಿಕ್ಕದಾಗಿ ಕಟ್ಟಿ, ಎರಡು ಸಲ ಹೋಗಿ. ಬಿಸಿಯೂಟದ ಅಡುಗೆಯವರು ತುಂಬಿದ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸುವ ಬದಲು ಅಲ್ಲೇ ಸೌಟಿನಿಂದ ಬಕೆಟ್ಟಿಗೆ ತೆಗೆದುಕೊಳ್ಳಲಿ. ಸೊಂಟವೂ ಉಳಿಯುತ್ತೆ, ಮೈಯೂ ಸುಡುವುದಿಲ್ಲ.

ಬೆಳಗಿನ ಕೆಲಸದ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ. ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ನಾವೋ ಎದ್ದ ತಕ್ಷಣ ಕೊಟ್ಟಿಗೆಯ ಸಗಣಿ ಬಾಚುತ್ತೇವೆ! ಒಲೆ ಹಚ್ಚುವುದು, ಕಾಫಿ ಕಾಯಿಸುವಂಥ ನಿಂತು ಮಾಡುವ ಕೆಲಸ ಮೊದಲು ಮುಗಿಸಿ. ಒಂದು ಗಂಟೆ ಕಳೆದು ಉದ್ದ ಹಿಡಿಯ ಸಲಿಕೆಯಿಂದ ಕೊಟ್ಟಿಗೆ ಬಾಚಿ.

ಬಸುರಿಯರು, ಬಾಣಂತಿಯರು ಭಾರ ಎತ್ತಲೇಬಾರದು. ಹೆತ್ತ ಮೇಲೆ ಬೇಗನೆ ಭಾರದ ಕೆಲಸಕ್ಕೆ ಇಳಿದವರಿಗೆ ಗರ್ಭಕೋಶ ಕೆಳಗೆ ಜಾರುವ ಅಪಾಯ ಹೆಚ್ಚು. ಎಷ್ಟೋ ಅಕ್ಕಂದಿರು ನಾಚಿಕೆಯಿಂದ ಇದನ್ನು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ, ವೈದ್ಯರಿಗೆ ಹೇಳಿ. ಸೊಂಟನೋವಿನ ಜೊತೆ ಕಾಲಿನ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ.

ಮುಂದಿನ ಸಭೆಗೆ ಚರ್ಚೆ: ನಮ್ಮೂರಲ್ಲಿ ಹೆಂಗಸರು ಎತ್ತುವ ಅತಿ ಭಾರದ ವಸ್ತು ಯಾವುದು? ತಕ್ಕಡಿ ತಂದು ತೂಗಿ ನೋಡಿ. ಸಂಘದ ಹಣದಲ್ಲಿ ಒಂದು ಕೈಗಾಡಿ ಕೊಂಡರೆ ಅದನ್ನು ಯಾರ ಮನೆಯಲ್ಲಿ ಇಡುವುದು, ಸರದಿ ಹೇಗೆ?